ಹೊರಗಿನವರು ಕೊಡಬಹುದಾದ ಬಾಡಿಗೆ

ಸಿರುಗುಪ್ಪ
೧೨ ಜೂನ್ ೧೯೫೦

ಚಿ. ಪಕ್ಕೀರಮ್ಮಳಿಗೆ ನಿನ್ನ ಸೋದರಮಾವ ಮೈಲಾರಪ್ಪನ ಆಶೀರ್ವಾದಗಳು. ಇಲ್ಲಿ ನಾನು, ನಿನ್ನ ಅತ್ತೆ ಹುಲುಗಮ್ಮ, ಮಗ ಎರ್ರಣ್ಣ, ಎಮ್ಮೆ, ಎಲ್ಲರೂ ಕ್ಷೇಮ. ಇವರಲ್ಲಿ ನನ್ನ ಮಾತು ಕೇಳುವುದು ಎಮ್ಮೆ ಒಂದೇ.

ನೀನು ಬಳ್ಳಾರಿಗೆ ಬಂದು ಬ್ರೂಸ್‌ಪೇಟೆಯ ನಮ್ಮ ಮನೆಯಲ್ಲಿ ಇಳಿದದ್ದು ತಿಳಿಯಿತು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತೆಂದರೆ ಸಣ್ಣ ಮಾತಲ್ಲ. ನಮ್ಮಕ್ಕ ಗಾದೆಮ್ಮ ಬದುಕಿದ್ದರೆ ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ಅವಳ ಪಾಲಿನದನ್ನು ನಾನೇ ಹಂಚಿದೆ, ಅಂದರೆ ಹಂಚಬೇಕೆಂದು ತಂದು ದಾರಿಯಲ್ಲಿ ಸ್ವಲ್ಪ ತಿಂದೆ.

ಆ ಮನೆ ನಾನು ಯುದ್ಧದ ಕಾಲದಲ್ಲಿ ಕೊಂಡದ್ದು ನಿನಗೆ ಗೊತ್ತು. ಹೇಗೆ ಕೊಂಡೆ ಎನ್ನುವುದು ಗೊತ್ತಿಲ್ಲ. ಹತ್ತಿಯ ವ್ಯಾಪಾರಿಯೊಬ್ಬ ಮಾರಿ ಹೋಗುವ ಅವಸರದಲ್ಲಿದ್ದ. ನಾನು ಬೆಳಿಗ್ಗೆ ಅವನ ಜಗಲಿಯ ಮೇಲೆ ಕೂತವನು ಮನೆಯ ಸುದ್ದಿಯನ್ನೇ ಎತ್ತದೆ ಸಂಜೆಯತನಕ ಬರೀ ಎತ್ತುಗಳ ವಿಷಯ ಮಾತಾಡಿದೆ. ಕೊನೆಗೆ ಅವನೇ ಕೈಮುಗಿದು, "ನೀವು ಎಷ್ಟಂದ್ರ ಅಷ್ಟಕ್ಕ ತಗೊಳ್ರಿ, ಎತ್ತಿನ ಮಾತು ಮಾತ್ರ ಸಾಕು ಮಾಡ್ರಿ" ಎಂದ. ಹೀಗೆ ಬಂದ ಮನೆ ಅದು.

ಈಗ ನೀನು ಬಾಡಿಗೆ ಎಷ್ಟು ಕೊಡಲಿ ಎಂದು ಕೇಳಿದ್ದೀ. ಆ ಸಾಲನ್ನು ನಾನು ಹುಲುಗಮ್ಮನಿಗೆ ಓದಿ ಹೇಳಲಿಲ್ಲ. ಹೇಳಿದ್ದರೆ ನೀನು ಕೇಳಿದ್ದು ಬಿಟ್ಟು, ನಾನೇ ಕೇಳಿದೆನೆಂದು ನನ್ನ ಮೇಲೆ ಬೀಳುತ್ತಿದ್ದಳು. ತವರಿನವರು ಹೆಣ್ಣುಮಗಳ ಉಡಿ ತುಂಬುವವರು. ಅದೇ ಉಡಿಯಿಂದ ತಿಂಗಳು ತಿಂಗಳು ಎಣಿಸಿಕೊಂಡು ತೆಗೆದುಕೊಳ್ಳುವುದು ನಮ್ಮ ವಂಶದಲ್ಲಿ ಇಲ್ಲ. ನಿನ್ನ ಗಂಡ ಓಬಣ್ಣ ಕುರುಗೋಡಿನ ಅಂಗಡಿಯ ಲೇವಾದೇವಿ ಮುಗಿಸಿಕೊಂಡು ಬರುವ ತನಕ ಆರಾಮಾಗಿ ಇರು.

ಇನ್ನೊಂದು ವಿಷಯ. ಖಾಲಿ ಬಿದ್ದ ಮನೆಗೆ ಮುನಿಸಿಪಾಲಿಟಿಯವರು ಅರ್ಧ ಕಂದಾಯ ಬಿಡುತ್ತಾರೆ. ಬಾಡಿಗೆ ಇಲ್ಲದ ಮನೆ ಖಾಲಿ ಮನೆಯೇ ಅಲ್ಲವೆ? ಮನೆಯ ಮಗಳು ಇದ್ದರೆ ಅದಕ್ಕೆ ಬಾಡಿಗೆ ಎನ್ನುತ್ತಾರೆಯೆ? ಹೀಗೆ ಯೋಚಿಸಿ ಒಂದು ಅರ್ಜಿ ಹಾಕಿದ್ದೇನೆ. ನಾನು ನಾಲ್ಕನೆಯ ತರಗತಿ ಪಾಸಾದವನು, ಮರೆಯಬೇಡ. ಮುಂದೆ ಓದಿದರೆ ತಮ್ಮ ಕೆಲಸಕ್ಕೆ ಸಂಚಕಾರ ಎಂದು ಮಾಸ್ತರೇ ಹೆದರಿ ಬಿಡಿಸಿದರು. ಯಾರಾದರೂ ಬಂದು ಕೇಳಿದರೆ ನಾಲ್ಕು ದಿನದ ಮಟ್ಟಿಗೆ ಬಂದ ಬೀಗಿತ್ತಿ ಎಂದು ಹೇಳು. ಮಿಕ್ಕಿದ್ದು ನನಗೆ ಬಿಡು.

ನಿನ್ನ ಮಾವ
ಮೈಲಾರಪ್ಪ


ಬಳ್ಳಾರಿ
೨೮ ಜೂನ್ ೧೯೫೦

ಪೂಜ್ಯ ಮಾವನವರಿಗೆ ಪಕ್ಕೀರಮ್ಮ ಮಾಡುವ ನಮಸ್ಕಾರಗಳು. ಅತ್ತೆಯವರಿಗೂ ತಿಳಿಸಬೇಕು.

ಮನೆ ಚೆನ್ನಾಗಿದೆ. ಹಿಂದಿನ ಅಡಿಗೆಮನೆಯ ಗೋಡೆ ಬಿರುಕು ಬಿಟ್ಟಿದೆ, ನೀರಿಗೆ ಬೀದಿಯ ನಲ್ಲಿಗೆ ಹೋಗಬೇಕು. ಆದರೆ ಮುಂದಿನ ಕೋಣೆಗೆ ಬೆಳಕು ಧಾರಾಳ. ಹೊಲಿಗೆ ಯಂತ್ರವನ್ನು ಅಲ್ಲಿಯೇ ಇಟ್ಟಿದ್ದೇನೆ.

ಕಂದಾಯ ವಸೂಲಿಯವನು ಬಂದಿದ್ದ. ನೀವು ಹೇಳಿಕೊಟ್ಟಂತೆ ನಾಲ್ಕು ದಿನಕ್ಕೆ ಬಂದವಳು ಎಂದೆ. ಅವನು ಮಾಳಿಗೆಯ ಮೇಲೆ ಒಣಗಲಿಕ್ಕೆ ಹಾಕಿದ ಮಾವಿನಕಾಯಿ ಹೋಳುಗಳನ್ನು ನೋಡಿದ, ಪಕ್ಕದಲ್ಲಿದ್ದ ಎರಡು ದೊಡ್ಡ ಜಾಡಿಗಳನ್ನು ನೋಡಿದ.

"ಅಕ್ಕಾರ, ನಾಕ್ ದಿನಕ್ಕ ಬಂದೋರು ಎರಡು ಜಾಡಿ ಉಪ್ಪಿನಕಾಯಿ ಹಾಕ್ತಾರೇನ್ರಿ?"

"ನಮ್ಮ ಕಡಿ ಉಪ್ಪಿನಕಾಯಿ ಬಾಳ ತಿಂತಾರ್ರಿ" ಎಂದೆ. ನಗುತ್ತಾ ಹೋದ. ಏನು ಬರೆದುಕೊಂಡನೋ ಗೊತ್ತಿಲ್ಲ.

ನನಗೆ ಬಂದ ತೊಂದರೆ ಬೇರೆ. ರೇಷನ್ ಕಾರ್ಡಿಗೆ ಹೋದರೆ ಅಲ್ಲಿಯ ಗುಮಾಸ್ತರು ಬಾಗಿಲು ನಂಬರು ಕೇಳಿ ಪುಸ್ತಕ ತಿರುವಿ, ಆ ಮನೆ ಖಾಲಿ ಇದೆ, ಖಾಲಿ ಮನೆಗೆ ಅಕ್ಕಿ ಕೊಡುವುದು ಹೇಗೆ ಎಂದರು. ನಾನು ಎದುರಿಗೆ ನಿಂತಿದ್ದೇನಲ್ಲ ಎಂದೆ. ನೀವು ನಿಂತದ್ದು ಇಲ್ಲಿ, ಮನೆಯಲ್ಲಿ ಅಲ್ಲವಲ್ಲ ಎಂದರು. ಬಾಡಿಗೆ ಚೀಟಿ ಇದ್ದರೆ ತರಬೇಕಂತೆ.

ಮಾವ, ಸಿಟ್ಟಾಗಬಾರದು. ತಿಂಗಳಿಗೆ ಎಂಟು ರೂಪಾಯಿ ಕೊಡುವ ಶಕ್ತಿ ನನಗಿದೆ. ಅದನ್ನು ತೆಗೆದುಕೊಂಡು ಒಂದು ಚೀಟಿ ಬರೆದುಕೊಡಿ. ನನಗೆ ಅದರಿಂದ ಬಹಳ ಅನುಕೂಲ.

ಅವರು ಅಂಗಡಿಯ ಕೆಲಸ ಮುಗಿದ ಮೇಲೆ ಬರುತ್ತಾರೆ.

ನಿಮ್ಮ
ಪಕ್ಕೀರಮ್ಮ


ಸಿರುಗುಪ್ಪ
೧೦ ಜುಲೈ ೧೯೫೦

ಚಿ. ಪಕ್ಕೀರಮ್ಮಳಿಗೆ ಆಶೀರ್ವಾದಗಳು.

ಚೀಟಿಯಂತೆ, ಚೀಟಿ! ನಿನ್ನ ಮಾವನ ಮನೆಗೆ ನೀನು ಬಾಡಿಗೆಯವಳೆಂದು ನಾನು ಸಹಿ ಹಾಕಿಕೊಡಬೇಕೆ? ನಾಳೆ ಗಾದೆಮ್ಮಕ್ಕ ಕನಸಿನಲ್ಲಿ ಬಂದು, "ಮೈಲಾರಿ, ನನ್ನ ಮಗಳತ್ರ ಎಂಟು ರೂಪಾಯಿಗೆ ಕೈಯೊಡ್ಡಿದಿ ಏನೋ" ಎಂದರೆ ನಾನು ಯಾವ ಮುಖ ಇಟ್ಟುಕೊಂಡು ಮತ್ತೆ ಮಲಗಲಿ?

ಅಕ್ಕಿಯ ಚಿಂತೆ ಬಿಡು. ಸಿರುಗುಪ್ಪದ ಗದ್ದೆಯ ಅಕ್ಕಿ ಇರುವಾಗ ಸರಕಾರದ ಅಕ್ಕಿ ಯಾಕೆ? ಪರ್ಮಿಟ್ ಇಲ್ಲದೆ ಅಕ್ಕಿ ಸಾಗಿಸುವಂತಿಲ್ಲ ಎಂದು ಡಂಗುರ ಹೊಡೆದಿದ್ದಾರೆ, ದಿಂಬು ಸಾಗಿಸಬಾರದೆಂದು ಯಾರೂ ಹೊಡೆದಿಲ್ಲ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ದಿಂಬು ಕಳಿಸಿದ್ದೇನೆ. ತಲೆಗೆ ಇಟ್ಟುಕೊಳ್ಳಬೇಡ, ಬಿಚ್ಚಿ ಡಬ್ಬಕ್ಕೆ ಹಾಕು.

ಖಾಲಿ ಎಂಬ ಅರ್ಜಿ ಇನ್ನು ನಡೆಯಲಿಕ್ಕಿಲ್ಲ ಎಂದು ನಿನ್ನ ಉಪ್ಪಿನಕಾಯಿಯ ಕಥೆ ಓದಿದಾಗಲೇ ತಿಳಿಯಿತು. ಹೋಗಲಿ. ಮತ್ತೆ ಯಾರಾದರೂ ಕೇಳಿದರೆ ತಿಂಗಳಿಗೆ ಒಂದು ರೂಪಾಯಿ ಬಾಡಿಗೆ ಎಂದು ಹೇಳು. ನೀನು ಕೊಟ್ಟಂತೆ, ನಾನು ತೆಗೆದುಕೊಂಡಂತೆ. ಒಂದು ರೂಪಾಯಿಯ ಮನೆಗೆ ಎಷ್ಟು ಕಂದಾಯ ಹಾಕಿಯಾರು?

ಮೊನ್ನೆ ಅವಸರದ ಕೆಲಸಕ್ಕೆ ಬಳ್ಳಾರಿಗೆ ಬಂದಿದ್ದೆ, ನಿನ್ನನ್ನು ನೋಡಲಿಕ್ಕೆ ಹೊತ್ತು ಸಿಗಲಿಲ್ಲ. ಬರುವಾಗ ಬಸ್ಸಿನಲ್ಲಿ ತೆಕ್ಕಲಕೋಟೆ ದಾಟಿದ ಮೇಲೆ ಒಬ್ಬ ಸಂಭಾವಿತರು ಪಕ್ಕದಲ್ಲಿ ಕೂತರು. ಕೋಟು, ಕನ್ನಡಕ, ಕೈಯಲ್ಲಿ ಚರ್ಮದ ಚೀಲ. ಎಷ್ಟು ಚೆನ್ನಾಗಿ ಕೇಳುತ್ತಾರೆ ಅಂತೀ! ಹೂಂ ಎನ್ನುವುದರಲ್ಲಿಯೇ ನಾಲ್ಕು ಬಗೆ. ನಾನು ನಮ್ಮ ಮನೆಯ ವರ್ಣನೆ ಮಾಡಿದೆ. ತೊಲೆ ಸಾಗವಾನಿಯದು, ಗಚ್ಚು ನುಣುಪು, ಹತ್ತಿ ದಲಾಲಿಯೊಬ್ಬ ತಿಂಗಳಿಗೆ ಇಪ್ಪತ್ತೈದು ಕೊಡುತ್ತೇನೆಂದು ಎರ್ರಣ್ಣನ ಬೆನ್ನು ಹತ್ತಿದ್ದಾನೆ ಎಂದೆ. ಇದು ಸುಳ್ಳಲ್ಲ, ಬೆನ್ನು ಹತ್ತಿರುವುದು ನಿಜವೇ. ಅವರು ಮೆಚ್ಚಿಕೊಂಡು ಮನೆ ಯಾವ ಬೀದಿ ಎಂದು ಸಹ ಕೇಳಿದರು. ಅಂಥ ಮನೆಯಲ್ಲಿ ನೀನು ಇದ್ದೀ ಎಂದು ತಿಳಿದುಕೊ.

ಮೈಲಾರಪ್ಪ


ಬಳ್ಳಾರಿ
೨ ಆಗಸ್ಟ್ ೧೯೫೦

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ದಿಂಬು ಬಂದು ಮುಟ್ಟಿತು. ಕಂಡಕ್ಟರು ದಾರಿಯುದ್ದಕ್ಕೂ ಅದರ ಮೇಲೆಯೇ ಕೂತು ಬಂದನಂತೆ, ಸೊಂಟ ನೋವು ಎಂದ.

ಇದರ ಜೊತೆಗೆ ಮುನಿಸಿಪಾಲಿಟಿಯ ನೋಟೀಸು ಇಟ್ಟಿದ್ದೇನೆ. ಮನೆ ಖಾಲಿ ಎಂಬ ಅರ್ಜಿ ತಳ್ಳಿಹಾಕಿದ್ದಾರೆ. ಕಂದಾಯವನ್ನು ಒಂದು ರೂಪಾಯಿಯ ಬಾಡಿಗೆಯ ಮೇಲೆ ಅಲ್ಲ, ತಿಂಗಳಿಗೆ ಇಪ್ಪತ್ತೈದು ಬರುವ ಮನೆ ಎಂದು ಲೆಕ್ಕ ಹಿಡಿದು ಹಾಕಿದ್ದಾರೆ.

ಕಂದಾಯದ ಇನ್‌ಸ್ಪೆಕ್ಟರು ತಾವೇ ಬಂದು ಮನೆಯನ್ನು ಅಳತೆ ಮಾಡಿಕೊಂಡರು. ಕೋಟು, ಕನ್ನಡಕ, ಚರ್ಮದ ಚೀಲ. ನೋಡಿದ ಕೂಡಲೇ ನೀವು ಬರೆದ ಬಸ್ಸಿನ ಸಂಭಾವಿತರು ನೆನಪಾದರು. ಒಂದು ರೂಪಾಯಿ ಎಂದು ನಾನು ಹೇಳಿದಾಗ ಅವರು ನಗಲಿಲ್ಲ.

"ಇಪ್ಪತ್ತೈದು ಬರೋ ಮನಿ ಅಂತ ಮಾಲಕರೇ ಹೇಳ್ಯಾರಲ್ರಿ."

"ಎಲ್ಲಿ ಹೇಳ್ಯಾರ್ರಿ?"

"ಬಸ್ಸಿನ್ಯಾಗ. ನನ್ನ ತೊಡಿ ಮ್ಯಾಲ ಕೈ ಬಡಿದು ಬಡಿದು ಹೇಳ್ಯಾರ."

ಅವರು ನಮ್ಮ ಮಾವ, ಮಾತು ಸ್ವಲ್ಪ ದೊಡ್ಡದು, ಅದಕ್ಕೇ ನನ್ನಿಂದ ಏನೂ ತೆಗೆದುಕೊಳ್ಳುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಅದಕ್ಕೆ ಅವರು ಸಮಾಧಾನದಿಂದಲೇ ತಿಳಿಸಿ ಹೇಳಿದರು. "ನೋಡ್ರಿ ಅಮ್ಮ, ಮಾವ ಸೊಸಿಗೆ ಪುಕ್ಕಟೆ ಕೊಡಲಿ, ಮಗನಿಗೆ ಕೊಡಲಿ, ಅದು ಅವರ ಪ್ರೀತಿ. ಪ್ರೀತಿ ಮ್ಯಾಲ ನಾವು ಕಂದಾಯ ಹಾಕಂಗಿಲ್ಲ, ಪ್ರೀತಿ ಅಂತ ಬಿಡಂಗೂ ಇಲ್ಲ. ಯಾರೋ ಹೊರಗಿನೋರು ಬಂದು ಈ ಮನಿ ಹಿಡಿದ್ರ ಏನು ಕೊಡಬಹುದು? ನಾವು ನೋಡೋದು ಅಷ್ಟ."

ಮಾವ, ನಿಮ್ಮ ಹಿಂದಿನ ಕಾಗದವನ್ನು ಮತ್ತೊಮ್ಮೆ ಓದಿದೆ. ದಲಾಲಿಯ ವಿಷಯ ನೀವು ಯಾಕೆ ಬರೆದಿರೆಂದು ಈಗ ಹೊಳೆಯಿತು. ನಿಮಗೆ ನೇರ ಹೇಳಲಿಕ್ಕೆ ಸಂಕೋಚವಾಗಿರಬೇಕು. ಇಪ್ಪತ್ತೈದು ಬರುವಲ್ಲಿ ನಾನು ಕೂತು ನಿಮಗೆ ಕಂದಾಯವನ್ನೂ ಏರಿಸಿದ ಹಾಗಾಯಿತು. ದೀಪಾವಳಿಯ ಹೊತ್ತಿಗೆ ಬೇರೆ ಕಡೆ ಒಂದು ಕೋಣೆ ನೋಡಿಕೊಳ್ಳುತ್ತೇನೆ.

ಪಕ್ಕೀರಮ್ಮ


ಸಿರುಗುಪ್ಪ
೨೫ ಆಗಸ್ಟ್ ೧೯೫೦

ಚಿ. ಪಕ್ಕೀರಮ್ಮಳಿಗೆ ಆಶೀರ್ವಾದಗಳು.

ಆ ಕೋಟಿನವನು ಹೂಂ ಎಂದದ್ದರಲ್ಲಿಯೇ ನನಗೆ ಅನುಮಾನ ಬರಬೇಕಿತ್ತು. ನನ್ನ ಮಾತನ್ನು ಅಷ್ಟು ಹೊತ್ತು ಸುಮ್ಮನೆ ಯಾರೂ ಕೇಳಿದವರಿಲ್ಲ.

ನಿನ್ನ ಕಾಗದದಲ್ಲಿ ಮಿಕ್ಕಿದ್ದೆಲ್ಲ ಬಿಟ್ಟು ಒಂದು ಮಾತು ನನ್ನ ತಲೆ ಹೊಕ್ಕು ಕೂತಿದೆ. ಯಾರೋ ಹೊರಗಿನವರು. ಯಾರವನು? ನನ್ನ ಮನೆಗೆ ಬರದೆಯೇ ಬಂದು, ಬಾಡಿಗೆ ಕೊಡದೆಯೇ ಕೊಟ್ಟು, ನನ್ನ ಹತ್ತಿರ ಕಂದಾಯ ಕಟ್ಟಿಸುವ ಈ ಪುಣ್ಯಾತ್ಮನನ್ನು ಒಮ್ಮೆ ಕಣ್ಣಾರೆ ನೋಡಬೇಕೆನ್ನಿಸಿತು. ಅವನಿಗೆ ಹೆಂಡತಿ ಮಕ್ಕಳು ಇದ್ದಾರೆಯೆ? ಬಿರುಕು ಬಿಟ್ಟ ಅಡಿಗೆಮನೆಗೆ ಅವನೂ ಇಪ್ಪತ್ತೈದು ಕೊಡುತ್ತಾನೆಯೆ, ಇಲ್ಲ ಚೌಕಾಸಿ ಮಾಡುತ್ತಾನೆಯೆ? ಗೊತ್ತಾಗುವುದು ಹೇಗೆ? ಅದಕ್ಕೆ ನಾನೇ ಹುಡುಕಿಕೊಂಡು ಹೊರಟೆ.

ಮೊದಲು ನಮ್ಮ ಬೀದಿಯ ಕುಂಬಾರನನ್ನು ಕೇಳಿದೆ. ಬಳ್ಳಾರಿಯಲ್ಲಿ ಇಂಥಿಂಥ ಮನೆ, ನೀನು ಹೊರಗಿನವನು, ಏನು ಕೊಡುತ್ತೀ? ಅವನು, "ನಾ ಯಾವ ಹೊರಗಿನೋನು? ನಿಮ್ಮಪ್ಪನ ಮದಿವ್ಯಾಗ ಐರಾಣಿ ಗಡಿಗಿ ಕೊಟ್ಟೋರು ನಾವು" ಎಂದು ಸಿಟ್ಟು ಮಾಡಿದ. ರಾರಾವಿಗೆ ಹೋದೆ. ಅಲ್ಲಿ ಒಬ್ಬ ಮುದುಕ ಏನೂ ಗುರುತಿಲ್ಲದವನಂತೆ ಚೆನ್ನಾಗಿ ಕೂತಿದ್ದ. ಮಾತಿಗೆ ಮಾತು ಬೆಳೆದು ಹುಲುಗಮ್ಮನ ದೊಡ್ಡಮ್ಮನ ಬೀಗನಾದ, ಊಟ ಮಾಡಿಸಿಯೇ ಬಿಟ್ಟ. ಕೆಂಚನಗುಡ್ಡದ ಹತ್ತಿರ ಹೊಳೆ ದಾಟಿಸುವ ಹರಿಗೋಲಿನವನು ಆಚೆ ದಡದವನು, ಇವನಾದರೂ ಹೊರಗಿನವನಿರಬೇಕೆಂದು ಕೇಳಿದರೆ, "ಮೈಲಾರಪ್ಪಣ್ಣ, ನನ್ನ ಮಗಳಿಗೆ ವರ ನೋಡ್ತೀನಿ ಅಂತ ಹೇಳಿ ಮೂರು ವರ್ಷಾತು, ಈಗ ಮನಿ ಬಾಡಿಗಿ ಕೇಳಾಕ ಬಂದೀಯೇನು?" ಎಂದ. ಹೊಳೆಯ ನಡುವೆ ಇದ್ದೆವು, ಇಳಿದು ಹೋಗುವ ಹಾಗೂ ಇರಲಿಲ್ಲ.

ಈ ತಾಲೂಕಿನಲ್ಲಿ ಹೊರಗಿನವನು ಸಿಗುವುದಿಲ್ಲ ಪಕ್ಕೀರಿ. ಸರಕಾರಕ್ಕೆ ಎಲ್ಲಿ ಸಿಕ್ಕನೋ.

ಮರುಪರಿಶೀಲನೆಗೆ ಅರ್ಜಿ ಹಾಕಿದ್ದೇನೆ. ಸೆಪ್ಟೆಂಬರ್ ೨೦ರಂದು ವಿಚಾರಣೆ. ನೀನೂ ಬಂದು ನಿಲ್ಲಬೇಕು. ಬೇರೆ ಕೋಣೆಯ ಮಾತು ಆಡಿದ್ದೀಯಲ್ಲ, ಅದನ್ನು ನಾನು ಓದಲೇ ಇಲ್ಲ ಎಂದು ತಿಳಿ. ಇಂದೋ ನಾಳೆಯೋ ಓಬಣ್ಣ ಬರುವವನಿದ್ದಾನೆ, ಅವನನ್ನು ಒಂದು ಕೋಣೆಯಲ್ಲಿ ಎಲ್ಲಿ ಕೂಡಿಸುತ್ತೀ?

ಮೈಲಾರಪ್ಪ


ಸಿರುಗುಪ್ಪ
೨೭ ಸೆಪ್ಟೆಂಬರ್ ೧೯೫೦

ಚಿ. ಪಕ್ಕೀರಮ್ಮಳಿಗೆ ಆಶೀರ್ವಾದಗಳು.

ಗೆದ್ದೆವು! ಆದೇಶ ಕೈಗೆ ಬಂತು. ಇಪ್ಪತ್ತೈದು ಹೋಗಿ ಹನ್ನೆರಡಕ್ಕೆ ಇಳಿಸಿದ್ದಾರೆ. ಸಿರುಗುಪ್ಪದಲ್ಲಿ ಈಗ ಯಾರಿಗೆ ಕಂದಾಯದ ನೋಟೀಸು ಬಂದರೂ ನಮ್ಮ ಜಗಲಿಗೆ ಬರುತ್ತಾರೆ. ನಿನ್ನೆ ಒಬ್ಬ ಗಾಡಿಯ ಕಂದಾಯದ ವಿಷಯ ಕೇಳಲಿಕ್ಕೆ ಬಂದಿದ್ದ. ಗಾಡಿಯನ್ನು ತಮ್ಮನ ಹೆಸರಿಗೆ ಮಾಡು ಎಂದೆ. ತಮ್ಮನ ಹೆಸರಿನಲ್ಲೇ ಇದೆ, ಅದಕ್ಕೇ ತೊಂದರೆ ಎಂದ.

ನನ್ನ ಯುಕ್ತಿ ನೋಡಿದೆಯಲ್ಲ? ಹೊರಗಿನವನು ಸಿಗದಿದ್ದರೆ ನಾವೇ ಒಬ್ಬನನ್ನು ಮಾಡಬೇಕು ಎಂದು ದಾರಿಯಲ್ಲಿ ಬರುವಾಗ ಹೊಳೆಯಿತು. ನಂಟಸ್ತನ ಇದ್ದರೆ ತಾನೆ ಇವರಿಗೆ ಬಾಡಿಗೆಯ ಮೇಲೆ ಅನುಮಾನ? ಅದಕ್ಕೇ ವಿಚಾರಣೆಗೆ ಕೂತ ಸಾಹೇಬರು, "ಈ ಹೆಣ್ಣುಮಗಳು ನಿಮಗೇನಾಗಬೇಕು?" ಎಂದ ಕೂಡಲೇ ನಾನು ಒಂದು ಕ್ಷಣ ತಡೆಯಲಿಲ್ಲ.

"ಏನೂ ಆಗಬೇಕಿಲ್ರಿ. ಯಾರೋ, ಎಲ್ಲಿಯಾಕಿನೋ. ಎಂಟು ರೂಪಾಯಿ ಕೊಡ್ತೀನಿ ಅಂದ್ಲು, ಕೀಲಿ ಕೊಟ್ಟೆ. ದಾರ್ಯಾಗ ಎದುರು ಬಂದ್ರ ಗುರ್ತ ಹಿಡಿಯಂಗಿಲ್ಲ."

ಎಷ್ಟು ಗಟ್ಟಿಯಾಗಿ ಹೇಳಿದೆ! ಕೋಟಿನವನು ಬಾಯಿ ತೆರೆಯಲಿಕ್ಕೆ ಹೋದ, ನಾನು ಕೆಮ್ಮಿ ಅದನ್ನು ಮುಚ್ಚಿಸಿದೆ. ನೀನು ಗೋಡೆಯ ಪಕ್ಕ ತಲೆ ತಗ್ಗಿಸಿ ನಿಂತದ್ದು ಬಹಳ ಚೆನ್ನಾಗಿತ್ತು, ಥೇಟು ಗುರುತಿಲ್ಲದವಳ ಹಾಗೆಯೇ.

ನಾನು ಬೀದಿಯ ಅಂಗಡಿಯಲ್ಲಿ ಇಬ್ಬರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹೇಳಿಟ್ಟು ಕಾದೆ. ನೀನು ಬರಲೇ ಇಲ್ಲ. ಶಾಲೆಗೆ ಹೊತ್ತಾಯಿತೆಂದು ತೋರುತ್ತದೆ. ನಿನ್ನ ಪಾಲಿನದನ್ನೂ ನಾನೇ ತಿಂದು ಹೊಟ್ಟೆ ಕೆಡಿಸಿಕೊಂಡೆ. ಬರೆ.

ಮೈಲಾರಪ್ಪ


ಸಿರುಗುಪ್ಪ
೨೪ ಅಕ್ಟೋಬರ್ ೧೯೫೦

ಚಿ. ಪಕ್ಕೀರಮ್ಮಳಿಗೆ ಆಶೀರ್ವಾದಗಳು.

ಕಾಗದ ಇಲ್ಲ. ದಸರೆಗೂ ಬರಲಿಲ್ಲ. ನಿನ್ನ ಅತ್ತೆ ಬನ್ನಿ ಎತ್ತಿಟ್ಟುಕೊಂಡು ಕಾದಳು. ಟಪಾಲಿನವನನ್ನು ಬೈದರೆ ಅವನು, "ಬರೀದಿದ್ರ ನಾನೇ ಬರೆದು ತಂದು ಕೊಡ್ಲೇನ್ರಿ?" ಎಂದ.

ನಾನು ಮೊನ್ನೆ ಎತ್ತು ನೋಡುವ ನೆವದಲ್ಲಿ ಕುರುಗೋಡಿಗೆ ಹೋಗಿದ್ದೆ. ಓಬಣ್ಣ ಸಿಗಲಿಲ್ಲ. ಎತ್ತುಗಳೂ ಚೆನ್ನಾಗಿರಲಿಲ್ಲ.

ಮೈಗೆ ಹುಷಾರಿದ್ದೀಯಾ? ಎರಡು ಸಾಲು ಬರೆದರೆ ಸಾಕು. ನಾನು ಜಾಸ್ತಿ ಮಾತಾಡುವುದಿಲ್ಲ.

ಮೈಲಾರಪ್ಪ


ಬಳ್ಳಾರಿ
೪ ನವೆಂಬರ್ ೧೯೫೦

ಮಾವನವರಿಗೆ ನಮಸ್ಕಾರಗಳು.

ಮೈ ಹುಷಾರಾಗಿದೆ. ಬರೆಯಬೇಕೆಂದು ಕೂತಾಗಲೆಲ್ಲ ಮೇಲೆ ಏನೆಂದು ಹಾಕಬೇಕು ತಿಳಿಯದೆ ಎತ್ತಿಟ್ಟೆ. ದಾರಿಯಲ್ಲಿ ಎದುರು ಬಂದರೆ ಗುರುತು ಹಿಡಿಯದವರಿಗೆ ಪೂಜ್ಯ ಎಂದು ಬರೆಯುತ್ತಾರೆಯೆ?

ಅವರು ಬರುವುದಿಲ್ಲ, ಮಾವ. ಬರುತ್ತಾರೆ ಎಂದು ನಾನು ಬರೆದದ್ದು ನಿಮ್ಮ ಸಮಾಧಾನಕ್ಕೆ. ಬೇಸಿಗೆಯಲ್ಲಿ ಕುರುಗೋಡಿನ ಹಿರಿಯರ ಮುಂದೆ ಅವರು, "ಈಕಿ ನನಗ ಏನೂ ಆಗಬೇಕಿಲ್ಲ" ಎಂದರು. ನಾನು ಆಗಲೂ ಗೋಡೆಯ ಪಕ್ಕ ನಿಂತಿದ್ದೆ. ಅದೇ ವಾರ ಹೊಲಿಗೆಯ ಕೆಲಸಕ್ಕೆ ಅರ್ಜಿ ಹಾಕಿದೆ. ಆಮೇಲೆ ಸೆಪ್ಟೆಂಬರಿನಲ್ಲಿ ಅದೇ ಮಾತನ್ನು ನೀವು ಅಂದಿರಿ, ಅವರಿಗಿಂತ ಗಟ್ಟಿಯಾಗಿ.

ನೀವು ಯುಕ್ತಿಗೆ ಅಂದಿರಿ ಎಂದು ಗೊತ್ತು. ಆದರೆ ಅದರಿಂದ ಏನಾಯಿತೆಂದು ನಿಮಗೆ ತಿಳಿಯಲಿ. ನೀವು ಹೊರಗೆ ಹೋದ ಮೇಲೆ ಇನ್‌ಸ್ಪೆಕ್ಟರು ಸಾಹೇಬರಿಗೆ, "ಇವರು ಅವರ ಅಕ್ಕನ ಮಗಳು" ಎಂದರು. ಸಾಹೇಬರು, "ಗೊತ್ತಾತು ಬಿಡ್ರಿ, ಮೂಗು ಒಂದೇ ಥರಾ ಐತಿ" ಎಂದರು. ಆಮೇಲೆ ನನ್ನನ್ನು ಕರೆದು ಅಡಿಗೆಮನೆಯ ಗೋಡೆ, ನೀರಿನ ದೂರ ಎಲ್ಲ ಕೇಳಿದರು. ಹನ್ನೆರಡು ಮಾಡಿದ್ದು ಆ ಗೋಡೆಗೆ, ಆ ನೀರಿಗೆ. ನಾನು ನಿಮಗೆ ಸೊಸೆಯಾದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಒಂದು ಪೈಸೆಯೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ನೀವು ನನ್ನನ್ನು ಬಿಟ್ಟುಕೊಟ್ಟದ್ದು ಪುಕ್ಕಟೆ.

ನಾನು ಇನ್ನೂ ಈ ಮನೆಯಲ್ಲಿಯೇ ಇದ್ದೇನೆ. ಹೋಗಲಿಕ್ಕೆ ಜಾಗ ಹುಡುಕಿದೆ, ಒಂಟಿ ಹೆಂಗಸಿಗೆ ಯಾರೂ ಕೊಡಲಿಲ್ಲ. ಹೋದ ವಾರ ಹತ್ತಿ ದಲಾಲಿ ಬಂದು, ನನ್ನನ್ನು ಮಾತಾಡಿಸದೆ, ಮುಂದಿನ ಕೋಣೆಯಲ್ಲಿ ಎಷ್ಟು ಮೂಟೆ ಹಿಡಿಯುತ್ತವೆ ಎಂದು ಹೆಜ್ಜೆ ಹಾಕಿ ನೋಡಿಕೊಂಡು ಹೋದ.

ಮಾವ, ಎರಡರಲ್ಲಿ ಒಂದು ಹೇಳಿ. ನಾನು ಮನೆಯ ಮಗಳಾದರೆ ಅದೇ ಆಫೀಸಿನಲ್ಲಿ, ಅದೇ ಜನರ ಮುಂದೆ ಹೇಳಿ. ಹೊರಗಿನವಳಾದರೆ ಹೊರಗಿನವರಿಗೆ ಕೊಡುವ ಚೀಟಿಯನ್ನು ಕೊಡಿ. ಎರಡೂ ಇಲ್ಲದೆ ನಾನು ಎಲ್ಲಿ ನಿಲ್ಲಲಿ?

ಪಕ್ಕೀರಮ್ಮ


ಸಿರುಗುಪ್ಪ
೧೯ ನವೆಂಬರ್ ೧೯೫೦

ಪಕ್ಕೀರಿ,

ನಿನ್ನ ಕಾಗದ ಬಂದ ದಿನ ಹುಲುಗಮ್ಮನಿಗೆ ಓದಿ ಹೇಳಿದೆ. ಆಫೀಸಿನಲ್ಲಿ ನಾನು ಅಂದದ್ದರ ಸಾಲು ಬಂದಾಗ ಹಾರಿಸಿಬಿಡೋಣ ಎನ್ನಿಸಿತು, ಹಾರಿಸಲಿಲ್ಲ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆವತ್ತಿನಿಂದ ನನ್ನ ತಾಟನ್ನು ನೆಲಕ್ಕೆ ಇಡುವ ಸಪ್ಪಳವೇ ಬೇರೆಯಾಗಿದೆ.

ಓಬಣ್ಣ ಸಿಗಲಿಲ್ಲ ಎಂದು ಬರೆದಿದ್ದೆ. ಸಿಕ್ಕಿದ್ದ. ಅಂಗಡಿಯ ಗಲ್ಲೆಯ ಮೇಲೆ ಕೂತುಕೊಂಡೇ, "ನಿಮ್ಮ ಹುಡುಗಿ ನನಗ ಏನೂ ಆಗಬೇಕಿಲ್ರಿ" ಎಂದ. ಕೊರಳಪಟ್ಟಿ ಹಿಡಿಯಲಿಕ್ಕೆ ಕೈ ಎತ್ತಿದೆ. ಆ ಮಾತನ್ನು ಎಲ್ಲಿಯೋ ಕೇಳಿದ್ದೇನಲ್ಲ ಎನ್ನಿಸಿತು. ಎಲ್ಲಿ ಎಂದು ನೆನಪಾದ ಮೇಲೆ ಕೈ ಇಳಿದುಹೋಯಿತು. ಎತ್ತು ನೋಡದೆ ಬಂದೆ.

ಮೊನ್ನೆ ನಿನಗೆ ತಿಳಿಸದೆ ಬಳ್ಳಾರಿಗೆ ಬಂದು ಆಫೀಸಿಗೆ ಹೋದೆ. ಕೋಟಿನವನೂ ಇದ್ದ, ಗುಮಾಸ್ತರೂ ಇದ್ದರು, ಕಂದಾಯ ಕಟ್ಟಲಿಕ್ಕೆ ಬಂದ ಜನವೂ ಇದ್ದರು. ನಾನು ಸಾಹೇಬರ ಮುಂದೆ ನಿಂತು, "ಆವತ್ತು ನಾನಂದಿದ್ದು ಸುಳ್ಳು. ಆಕಿ ನಮ್ಮಕ್ಕ ಗಾದೆಮ್ಮನ ಮಗಳು, ನಮ್ಮ ಮನಿ ಮಗಳು, ಅದನ್ನು ಬರಕೊಳ್ರಿ" ಎಂದೆ.

"ಬರಕೊಳ್ಳಾಕ ಕಾಲಂ ಇಲ್ಲಲ್ಲ ಮೈಲಾರಪ್ಪನೋರ" ಎಂದರು ಸಾಹೇಬರು.

"ಇಷ್ಟು ದೊಡ್ಡ ಪುಸ್ತಕದಾಗ ಒಂದು ಕಾಲಂ ಇಲ್ಲೇನ್ರಿ?"

"ಗೋಡಿಗೆ ಐತಿ, ಬಾಗಿಲಿಗೆ ಐತಿ, ಬಚ್ಚಲಿಗೆ ಐತಿ. ಅಕ್ಕನ ಮಗಳಿಗೆ ಇಲ್ರಿ."

ಜನ ನಕ್ಕರು. ನಗಲಿ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ, ಬಾಗಿಲಲ್ಲಿ ನಿಂತ ಜವಾನನಿಗೂ ಬೇರೆಯಾಗಿ ಹೇಳಿದೆ. ಸಾಕ್ಷಿ ಬೇಕಾದರೆ ಹೋಗಿ ಕೇಳು. ಅವನ ಹೆಸರು ಮರಿಬಸಪ್ಪ. ಹಲಕುಂದಿಯವನು. ನಂಟಸ್ತನ ಹುಡುಕಲಿಕ್ಕೆ ಹೋಗಲಿಲ್ಲ.

ಹೊರಡುವಾಗ ಕೋಟಿನವನು ಮೆಟ್ಟಿಲ ತನಕ ಬಂದು ಒಂದು ಮಾತು ತಿಳಿಸಿದ. ಈಗಿನ ಕಾಯ್ದೆಯಲ್ಲಿ ಬಾಡಿಗೆಯನ್ನು ಸರಿಯಾಗಿ ಕೊಡುವವರನ್ನು ಮಾಲಕ ತನ್ನ ಮನಸ್ಸಿಗೆ ಬಂದಂತೆ ಎಬ್ಬಿಸುವಂತಿಲ್ಲವಂತೆ. ಪುಕ್ಕಟೆ ಇದ್ದವರಿಗೆ ಆ ಆಸರೆ ಇಲ್ಲವಂತೆ. ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ನಿನ್ನಿಂದ ಬಾಡಿಗೆ ತೆಗೆದುಕೊಳ್ಳದೆ ನಾನು ನಿನಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ!

ನಾನು ನಿನ್ನಿಂದ ಮುಚ್ಚಿಟ್ಟದ್ದು ಒಂದಿದೆ. ಎರ್ರಣ್ಣ ನನ್ನನ್ನು ಕೇಳದೆ ಆ ದಲಾಲಿಯಿಂದ ಮುಂಗಡ ತೆಗೆದುಕೊಂಡಿದ್ದ. ಆಗಸ್ಟಿನಿಂದ ನನಗೆ ಗೊತ್ತಿತ್ತು. ಮಗನ ಎದುರು ಮಾತಾಡಲಿಕ್ಕೆ ನನಗೆ ಬರುವುದಿಲ್ಲ, ಊರಿನ ಎದುರು ಬರುತ್ತದೆ. ನಿನ್ನೆ ಆ ಮುಂಗಡವನ್ನು ನಾನೇ ಹೋಗಿ ವಾಪಸು ಕೊಟ್ಟೆ. ಎರ್ರಣ್ಣ, "ನೀವು ಇರೋತನಕ ನಡೀಲಿ" ಎಂದ. ನಾನು ಹೋದ ಮೇಲೆ? ಅದಕ್ಕೆ ಇದರ ಜೊತೆ ಚೀಟಿ ಇಟ್ಟಿದ್ದೇನೆ, ನವೆಂಬರ್ ತಿಂಗಳದ್ದು. ಒಂದಾಣೆಯ ಸ್ಟಾಂಪು ಹಚ್ಚಿ ಅದರ ಮೇಲೆ ಸಹಿ ಮಾಡಿದ್ದೇನೆ. "ನನ್ನ ಅಕ್ಕನ ಮಗಳೂ ಬಾಡಿಗೆದಾರಳೂ ಆದ ಪಕ್ಕೀರಮ್ಮ" ಎಂದು ಪೂರ್ತಿ ಬರೆದಿದ್ದೇನೆ. ಅವರ ಪುಸ್ತಕದಲ್ಲಿ ಕಾಲಂ ಇಲ್ಲದಿದ್ದರೆ ಬೇಡ, ಚೀಟಿ ನನ್ನದು.

ಎಂಟು ರೂಪಾಯಿ ಕಳಿಸು. ಗಾದೆಮ್ಮಕ್ಕ ಕನಸಿನಲ್ಲಿ ಬಂದು ಬೈದರೂ ತೆಗೆದುಕೊಳ್ಳುತ್ತೇನೆ. ಕಂದಾಯ ಹನ್ನೆರಡರ ಮೇಲೆಯೇ ಕಟ್ಟಬೇಕು. ಆ ಮೇಲಿನ ನಾಲ್ಕು ರೂಪಾಯಿ ಕೊಡುವ ಹೊರಗಿನವನು ಯಾರೆಂದು ನಾನು ಇನ್ನು ಹುಡುಕುವುದಿಲ್ಲ. ಅವನ ಲೆಕ್ಕದ್ದನ್ನೂ ನಾನೇ ಕಟ್ಟುತ್ತೇನೆ.

ಅಡಿಗೆಮನೆಯ ಗೋಡೆ ನೋಡಲಿಕ್ಕೆ ಬರಬೇಕೆಂದಿದ್ದೇನೆ. ಬರಲೋ ಬೇಡವೋ ನೀನು ಬರೆ.

ಮೈಲಾರಪ್ಪ


ಬಳ್ಳಾರಿ
೩ ಡಿಸೆಂಬರ್ ೧೯೫೦

ಪೂಜ್ಯ ಮಾವನವರಿಗೆ ಪಕ್ಕೀರಮ್ಮ ಮಾಡುವ ನಮಸ್ಕಾರಗಳು.

ಚೀಟಿ ತಲುಪಿತು. ರೇಷನ್ ಆಫೀಸಿನ ಗುಮಾಸ್ತರು ಅದನ್ನು ಎರಡು ಸಲ ಓದಿ, "ಇಂಥಾ ಬಾಡಿಗಿ ಚೀಟಿ ನಾ ನೋಡಿಲ್ರಿ" ಎಂದರು. ಆದರೂ ಕಾರ್ಡು ಕೊಟ್ಟರು. ಮನೆಯ ಯಜಮಾನರ ಹೆಸರು ಯಾವುದು ಎಂದರು. ನನ್ನದೇ ಬರೆಸಿದೆ.

ದಲಾಲಿ ಮತ್ತೆ ಬಂದಿದ್ದ, ಅಳತೆಗೆ ಆಳನ್ನೂ ಕರೆದುಕೊಂಡು. ನಾನು ಹೊಸ್ತಿಲಲ್ಲಿ ನಿಂತು ಚೀಟಿ ತೋರಿಸಿದೆ. ನನ್ನ ಕೈಯಲ್ಲಿಯೇ ಇಟ್ಟುಕೊಂಡು ತೋರಿಸಿದೆ. ಅವನಿಗೆ ಓದಲು ಬರುತ್ತದೆಯೋ ಇಲ್ಲವೋ, ಸ್ಟಾಂಪು ನೋಡಿ ಚಪ್ಪಲಿ ಮೆಟ್ಟಿಕೊಂಡ.

ಎಂಟು ರೂಪಾಯಿ ಮನಿಯಾರ್ಡರು ಮಾಡಿದ್ದೇನೆ. ಅತ್ತೆಗೆ ಹೇಳಿ, ತಾಟನ್ನು ಮೊದಲಿನ ಹಾಗೆ ಇಡಲಿ.

ಗೋಡೆಯ ವಿಷಯ. ಮಾಲಕರಾಗಿ ಬರುವುದಾದರೆ ಮುಂಚಿತವಾಗಿ ಕಾಗದ ಬರೆದು, ನಾನು ಒಪ್ಪಿದ ದಿನ ಬಂದು, ಬಾಗಿಲು ಬಡಿದು, ಕರೆದ ಮೇಲೆ ಒಳಗೆ ಬರಬೇಕು. ಈಗ ಮನೆ ನನ್ನ ಸುಪರ್ದಿನಲ್ಲಿದೆ. ಮಾವನಾಗಿ ಬರುವುದಾದರೆ ಇದು ಯಾವುದೂ ಬೇಕಾಗಿಲ್ಲ, ಬೆಳಗಿನ ಬಸ್ಸಿಗೆ ಬನ್ನಿ.

ನಿಮ್ಮ
ಪಕ್ಕೀರಮ್ಮ